ನನ್ನ ಬಾಯಿಗೆ ಪೈಪೋಟಿ ಕೊಟ್ಟ ಪೆಟ್ಟಿಗೆ

ಸೋಲ್ಡರಿಂಗ್ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ.

ಅಪ್ಪ ಕುವೈತಿನಿಂದ ತಂದಿದ್ದ ಪುಟ್ಟ ಗಿಟಾರ್ ಆಂಪ್ಲಿಫೈಯರ್ ಕೆಟ್ಟು ವರ್ಷಗಳಾಗಿದ್ದವು. ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ಅಣ್ಣ ಎಲೆಕ್ಟ್ರಿಕ್ ಗಿಟಾರ್ ಮೀಟಿದರೆ ಶಬ್ದ ಬರುತ್ತಿದ್ದುದು ನನ್ನ ಬಾಯಿಯಿಂದ. ಚಪ್ಪಾಳೆಯೂ ನನಗೇ. ಅಕ್ಕನ ಮದುವೆಯ ಮುಂಚಿನ ದಿನ, ರೋಸ್ ಶಾಸ್ತ್ರದಲ್ಲಿ ಅವಳಿಗೆ ತೆಂಗಿನಹಾಲು ಹಚ್ಚುವ ಮಧ್ಯಾಹ್ನ, ಅಣ್ಣ ಆ ಆಂಪ್ಲಿಫೈಯರ್‌ಗೆ ಹೊಸ ಕೆಪಾಸಿಟರ್ ಸೋಲ್ಡರ್ ಮಾಡಿ ಜೀವ ಬರಿಸಿಯೇಬಿಟ್ಟ. ಪೆಟ್ಟಿಗೆ ಗುಂಯ್‌ಗುಟ್ಟಿ ಹಾಡಿತು. ನೆಂಟರೆಲ್ಲ ಕುಣಿದರು.

"ಇನ್ನು ನಿನ್ನ ಬಾಯಿಗೆ ರಜೆ ಮಾರಾಯ," ಎಂದ ಅಣ್ಣ.

ನಾನು ಮುಖ ಊದಿಸಿಕೊಂಡು ಕುಳಿತೆ. ಸ್ಪೀಕರ್ ಕೆಲಸ ಹೋದವನು ಬಲೂನಾದರೂ ಆಗಬೇಡವೇ?

ಅಜ್ಜಿ ಪೆಟ್ಟಿಗೆಗೆ ಕಿವಿ ಕೊಟ್ಟು ಕೇಳಿ, ನನ್ನನ್ನು ಹತ್ತಿರ ಎಳೆದುಕೊಂಡರು. "ಪಾಪ, ಇದು ನಮ್ಮ ಈ ಪುಟ್ಟ ಬಾಬನ ಹಾಗೆ ಮಾಡ್ಲಿಕ್ಕೆ ನೋಡ್ತದೆ. ಆದ್ರೆ ಬರುವುದಿಲ್ಲ."

ಅಣ್ಣ ವಾಲ್ಯೂಮ್ ಏರಿಸಿದ. ನಾನೂ ಏರಿಸಿದೆ.