ತುಕ್ಕು ಹಿಡಿಸುವ ವಿದ್ಯೆ

ನಾಗಭೂಷಣ ಮೇಷ್ಟ್ರು ಸೋಫಾದ ಮೇಲೆ ಹಳೇ ಪೇಪರ್ ಹಾಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿ, "ಕುಂತ್ಕಳ್ರಿ ಚಿಕ್ಕತಿಮ್ಮಪ್ಪ" ಅಂದರು. ಚಿಕ್ಕತಿಮ್ಮಪ್ಪ ಪೇಪರ್ ನೋಡಿದ. ಇಸ್ತ್ರಿ ಮಾಡಿಸಿ, ಸ್ನಾನ ಮಾಡಿ ಉಟ್ಟು ಬಂದಿದ್ದ ತನ್ನ ಬಿಳಿ ಪಂಚೆ ನೋಡಿಕೊಂಡ. ಪೇಪರಿನ ಮೇಲೇ ಕೂತ.

ಎದುರಿನ ಟೀಪಾಯಿ ಮೇಲೆ ಗೇಣುದ್ದದ ಗೂಡ್ಸ್ ರೈಲು ಡಬ್ಬಿ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದ ಮೇಷ್ಟ್ರು, ಹೊಸ ಪ್ಲಾಸ್ಟಿಕ್ ಡಬ್ಬಿಗೆ ಹಳೇತನ ಬರಿಸುವ ವಿದ್ಯೆಯನ್ನು ಆರು ತಿಂಗಳಿಂದ ಮೊಬೈಲಿನಲ್ಲಿ ಫಾರಿನ್ನಿನವರ ವಿಡಿಯೋ ನೋಡಿ ಕಲಿಯುತ್ತಿದ್ದರು. ಉಪ್ಪು ಚಿಮುಕಿಸಿ ಬಣ್ಣ ಹೊಡೆದದ್ದಾಯಿತು, ಸ್ಪಂಜಿನ ಚೂರಿನಿಂದ ತುಕ್ಕಿನ ಚುಕ್ಕೆ ಒತ್ತಿದ್ದಾಯಿತು. ದಾವಣಗೆರೆಯ ಪುಟಾಣಿ ರೈಲು ಪ್ರದರ್ಶನಕ್ಕೆ ಫೋಟೋ ಕಳಿಸಿದರೆ, ಅದನ್ನು ನಡೆಸುವ ಗುರುರಾಜ್ "ಮುದ್ದೆ ಮೇಲೆ ಸಾರು ಚೆಲ್ಲಿದಂಗೈತೆ ಸಾರ್" ಎಂದು ವಾಪಸ್ ಬರೆದಿದ್ದ. ಮತ್ತೆ ಫೋಟೋ ಕಳಿಸಲು ಇವತ್ತು ಕೊನೇ ದಿನ. ಅದಕ್ಕೇ ಹೊಳಲ್ಕೆರೆ ಕಡೆಯ ರೈಲ್ವೆ ಸೈಡಿಂಗಿನಲ್ಲಿ ಹದಿನೆಂಟು ವರ್ಷ ವ್ಯಾಗನ್ನಿಗೆ ಅದಿರು ತುಂಬಿದ್ದ ಚಿಕ್ಕತಿಮ್ಮಪ್ಪನನ್ನು ಚಿತ್ರದುರ್ಗಕ್ಕೆ ಕರೆಸಿದ್ದು. "ಡಬ್ಬಿ ಪಾಸಾದ್ರೆ ಪ್ರದರ್ಶನದಲ್ಲಿ ಅದರ ಮುಂದಿಡೋ ಕಾರ್ಡಿನ ಮೇಲೆ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರೂ ಹಾಕಿಸ್ತೀನಿ" ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದರು. ಆ ಮಾತು ಆಗಲೇ ಚಿಕ್ಕತಿಮ್ಮಪ್ಪನ ಊರಿನ ಟೀ ಅಂಗಡಿ, ಕ್ಷೌರದಂಗಡಿ ಎರಡನ್ನೂ ದಾಟಿ ಬೀಗರ ಊರು ಮುಟ್ಟಿತ್ತು. ಪಂಚೆಗೆ ಇಸ್ತ್ರಿ ಬಿದ್ದದ್ದೂ ಅದಕ್ಕೇ.

ಅವನು ಡಬ್ಬಿ ಎತ್ತಿ, ಕೋಳಿ ಕೊಳ್ಳುವವನ ಹಾಗೆ ಹಿಂದೆ ಮುಂದೆ ತಿರುಗಿಸಿದ. "ಇದು ಯಾವೂರ ಡಬ್ಬಿ ಸಾರ್?"

"ನಮ್ಮದೇ. ಅದಿರಿನ ಡಬ್ಬಿ."

"ಮೈಯೆಲ್ಲ ಕಜ್ಜಿ ಎದ್ದಂಗೈತಲ್ರಿ. ವರ್ಷವೆಲ್ಲ ಮಳೆ ಹುಯ್ಯೋ ಊರಲ್ಲಿ ಹಿಂಗಾಗ್ತದೇನೋ. ನಮ್ ಕಡೆ ಮಳೆ ಬಂದ್ರೆ ಜನ ಈಚೆಗೆ ಬಂದು ನೋಡ್ತಾರೆ. ಇಲ್ಲಿ ಕೆಂಪಗಿರಾದು ತುಕ್ಕಲ್ಲ ಸಾರ್, ಅದಿರಿನ ಧೂಳು. ಅಂಚಿನ ಮ್ಯಾಲೆ, ಮೂಲೆಯಾಗೆ ಕುಂತಿರ್ತದೆ. ಮತ್ತೆ ಈ ಚಿಲಕಕ್ಯಾಕೆ ತುಕ್ಕು ಹಚ್ಚೀರಿ?"

"ಕಬ್ಬಿಣ ಅಲ್ವೇನ್ರಿ ಅದು?"

"ನಮ್ ಕೈ ಬೀಳೋ ಜಾಗ ಅದು. ದಿನಾ ನಲವತ್ತಾಳು ಎಳೆದು ಬಡಿದ್ರೆ ತುಕ್ಕಿಗೆ ಕುಂದ್ರಾಕೆ ಪುರುಸೊತ್ತೆಲ್ಲೈತೆ? ಕಾಲುಂಗುರದಂಗೆ ಹೊಳೀತಿರ್ತದೆ."

ಮೇಷ್ಟ್ರು ನೋಟ್‌ಬುಕ್ಕಿನಲ್ಲಿ 'ಚಿಲಕ: ಹೊಳಪು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಯಶೋದಾಗೆ ತಡೆಯಲಿಲ್ಲ. "ಗೇಟು ತುಕ್ಕು ಹಿಡಿದು ಕೀಲು ಕಳಚೈತೆ, ಬಣ್ಣ ಹೊಡಸ್ರಿ ಅಂತ ಎರಡು ವರ್ಷದಿಂದ ಬಡ್ಕಂತಿದೀನಿ. ಅದು ತುಕ್ಕಿನ ಸ್ಯಾಂಪಲ್ಲಂತೆ, ಮುಟ್ಟಂಗಿಲ್ಲ. ಈಗ ತುಕ್ಕು ಹಚ್ಚಾಕೆ ಟ್ಯೂಷನ್ನು ಬೇರೆ."

"ಟೀ ಸೋಸೋ ಜರಡಿ ಕೊಡು ಯಶೋದಾ."

"ಕೊಡ್ತೀನಿ. ಆಮೇಲೆ ಟೀ ಕೇಳಬ್ಯಾಡ್ರಿ."

ಮೇಷ್ಟ್ರು ಕಜ್ಜಿಯನ್ನೆಲ್ಲ ಒರೆಸಿ ತೆಗೆದು, ಚಿಲಕಕ್ಕೆ ಪೆನ್ಸಿಲ್ ಸೀಸ ಉಜ್ಜಿದರು. ಚಿಕ್ಕತಿಮ್ಮಪ್ಪ ಸೈಡಿಂಗಿನಿಂದ ಪೊಟ್ಟಣ ಕಟ್ಟಿ ತಂದಿದ್ದ ಕೆಂಪು ಧೂಳನ್ನು ಜರಡಿಯಲ್ಲಿ ಹಾಕಿ ಡಬ್ಬಿಯ ಮೇಲೆ ತಟ್ಟಿದರು. "ಈಗ ಒಂದು ಕಡೆಯಿಂದ ಊದಬೇಕ್ರಿ, ಮೆಲ್ಲಕ" ಎಂದು ಚಿಕ್ಕತಿಮ್ಮಪ್ಪ ಅನ್ನುವಷ್ಟರಲ್ಲಿ ಮೇಷ್ಟ್ರು ಬಗ್ಗಿ ಒಲೆ ಊದಿದ ಹಾಗೆ ಊದಿಬಿಟ್ಟರು. ಧೂಳು ಡಬ್ಬಿ ಬಿಟ್ಟು ಅವರ ಮೀಸೆ, ಬನಿಯನ್ನು, ಲುಂಗಿ ಹಿಡಿಯಿತು. ಯಶೋದಾ ಸೆರಗು ಬಾಯಿಗಿಟ್ಟುಕೊಂಡರು.

ಮತ್ತೊಮ್ಮೆ ತಟ್ಟಿದ್ದಾಯಿತು. ಈ ಸಲ ಚಿಕ್ಕತಿಮ್ಮಪ್ಪ ಊದಿದ, ಮಗುವಿನ ಕಣ್ಣಿನ ಕಸ ಊದುವ ಹಾಗೆ. ಧೂಳು ಹೋಗಿ ತನ್ನ ತನ್ನ ಮೂಲೆಯಲ್ಲಿ ಕೂತಿತು. "ಹದಿನೆಂಟು ವರ್ಷ ಒಳಗೆಳ್ಕಂಡಿದ್ದೇ ಆತು" ಅಂದ. "ಹೊರಗೆ ಊದ್ತಿರಾದು ಇದೇ ಮೊದಲು."

"ಅಲ್ಲಾಡಬೇಡ್ರಿ" ಅಂದರು ಮೇಷ್ಟ್ರು. ಅವರು ಫೋಟೋ ತೆಗೆಯುತ್ತಿದ್ದರು.

ಫೋಟೋ ಹೋಗಿ ಐದು ನಿಮಿಷಕ್ಕೆ ಗುರುರಾಜನ ಫೋನು. ಮೇಷ್ಟ್ರ ಕೈಯೆಲ್ಲ ಧೂಳು, ಸ್ಪೀಕರ್ ಒತ್ತಿದರು.

"ಪಾಸ್ ಸಾರ್. ನಿಜವಾದ ವ್ಯಾಗನ್ ಫೋಟೋ ಕಳಿಸಿಲ್ಲ ತಾನೆ? ಆ ಚಿಲಕ ಒಂದೇ ಸಾಕು ನೋಡ್ರಿ. ಯಾರು ಹೇಳ್ಕೊಟ್ರು?"

ಚಿಕ್ಕತಿಮ್ಮಪ್ಪ ಪೇಪರಿನ ಮೇಲೆ ಸ್ವಲ್ಪ ನೆಟ್ಟಗೆ ಕೂತ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹೇಳ್ಕೊಡೋರು ಯಾರಿದಾರೆ ಗುರುರಾಜ್, ಈ ದುರ್ಗದಲ್ಲಿ. ನೋಡಿ ನೋಡಿ ಕಲಿತಿದ್ದು. ಅಬ್ಸರ್ವೇಶನ್."

"ಹಂಗಾದ್ರೆ ಕಾರ್ಡಿಗೆ ನಿಮ್ಮದೊಂದೇ ಹೆಸರು ಬರಕಂತೀನಿ."

"ಒಂದೇ ಸಾಕು. ಕಾರ್ಡೂ ಚಿಕ್ಕದಿರ್ತದೆ, ಪಾಪ."

ಫೋನಿಟ್ಟ ಮೇಷ್ಟ್ರು, "ಮುಂದಿನ ಸಲ ದೊಡ್ಡ ಕಾರ್ಡು ಮಾಡಸಾಣ ಬಿಡ್ರಿ" ಅನ್ನುತ್ತ ತೃಪ್ತಿಯಿಂದ ಸೋಫಾದ ಕಡೆ ಹಿಂದೆ ಸರಿದರು. ಮೀಸೆಯಿಂದ ಲುಂಗಿಯ ಅಂಚಿನವರೆಗೂ ಕೆಂಪು. ಚಿಕ್ಕತಿಮ್ಮಪ್ಪ ಆಗಲೇ ಎದ್ದು ನಿಂತಿದ್ದ. ತಾನು ಕೂತಿದ್ದ ಪೇಪರನ್ನು ಎತ್ತಿ, ಎರಡೂ ಕಡೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ, ಯಶೋದಾ ಕಡೆ ಚಾಚಿದ.

"ಒಂದು ಕಲೆ ಆಗಿಲ್ಲಮ್ಮ. ಮೇಷ್ಟ್ರು ಕುಂದ್ರಾಕೆ ಬರ್ತಾರೆ, ಹಾಸ್ರಿ."

ಯಶೋದಾ ಪೇಪರ್ ಇಸಿದುಕೊಂಡು ಹಾಸಿದರು. ನಾಲ್ಕೂ ಮೂಲೆ ಎಳೆದು ಸರಿಮಾಡಿ, ಗಂಡನಿಗೆ "ಈಗ ಕುಂತ್ಕಳ್ರಿ" ಅಂದರು.