ಮೋಟರ್ ಸೈಕಲ್ಲಿನ ಮೂಗು

ನಾರಾಯಣಪ್ಪ ಕಾರ್ಬ್ಯುರೇಟರಿನ ಬಾಯೊಳಗೆ ಬೆರಳಿಟ್ಟು ತಿರುವಿ ಹೊರಗೆ ತೆಗೆದ. ಬೆರಳ ತುದಿ ಕೆಂಪಗಾಗಿತ್ತು.

"ತುಕ್ಕಾ?" ಎಂದು ಗಾಡಿಯ ಯಜಮಾನ ಮರಿಯಪ್ಪ ಕೇಳಿದ.

ನಾರಾಯಣಪ್ಪ ಬೆರಳನ್ನು ಮೂಸಿ ನೋಡಿದ. "ತುಕ್ಕಿಗೆ ಅರಿಶಿನದ ವಾಸನೆ ಬರಲ್ಲ ಅಣ್ಣ. ಇದು ಕುಂಕುಮ."

ಕೆಂಗೇರಿಯ ಆ ಮನೆಯಂಗಳದಲ್ಲಿ ಗೋಣಿತಾಟಿನ ಮೇಲೆ ಗಾಡಿಯ ಅರ್ಧ ಹೊಟ್ಟೆ ಹರಡಿಕೊಂಡಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟರ್ ಸೈಕಲ್ಲು ಅದು. ಮರಿಯಪ್ಪನ ಕೈಗೆ ಬರುವಷ್ಟರಲ್ಲಿ ಗಾಳಿ ಸೋಸುವ ಡಬ್ಬಿಯನ್ನು ಯಾರೋ ಪುಣ್ಯಾತ್ಮರು ಬಿಚ್ಚಿಕೊಂಡು ಹೋಗಿದ್ದರು. ಹಾಗಾಗಿ ಸೀಟಿನ ಕೆಳಗೆ ಕಾರ್ಬ್ಯುರೇಟರು ಸದಾ ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು. ಮರಿಯಪ್ಪ ಆ ಗಾಡಿಯ ಮೇಲೆ ಮಾಗಡಿ, ಕನಕಪುರದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ರೇಷ್ಮೆಗೂಡು ಕೊಳ್ಳುತ್ತಿದ್ದ. ಗೂಡು ಯಾರಿಗೂ ಕಾಯುವುದಿಲ್ಲ. ಹುಳು ಚಿಟ್ಟೆಯಾಗಿ ತೂತು ಕೊರೆದರೆ ಮುಗಿಯಿತು. ಗಾಡಿ ಕೆಟ್ಟು ನಿಂತ ಎರಡು ವಾರದಲ್ಲಿ ಅರ್ಧ ಹಳ್ಳಿಗಳು ಬೇರೆ ವ್ಯಾಪಾರಿಯ ಪಾಲಾಗಿದ್ದವು. ನಾಳೆಯೂ ಹೋಗದಿದ್ದರೆ ಉಳಿದರ್ಧವೂ ಕೈಬಿಟ್ಟುಹೋಗುತ್ತಿತ್ತು. ಅದಕ್ಕೇ ಅವನು ನಾಯಂಡಹಳ್ಳಿಯಿಂದ ಮೆಕ್ಯಾನಿಕ್ ನಾರಾಯಣಪ್ಪನನ್ನು ಮನೆಗೇ ಕರೆಸಿದ್ದ.

"ಇಲ್ನೋಡಿ, ಕೆಳತುಟಿ ಹತ್ರ ಎರಡು ಸಣ್ಣ ತೂತಿದೆ. ಇಲ್ಲಿಂದ ಗಾಳಿ ಒಳಗೋಗ್ಬೇಕು. ಎರಡೂ ಮೆತ್ಕೊಂಡಿವೆ. ಒಳಗಡೆ ಮೇಲೆ ಕೆಳಗೆ ಜಾರೋ ಸ್ಲೈಡಿಗೆ ಅಕ್ಷತೆ ಕಾಳು ಸಿಕ್ಕೊಂಡಿದೆ. ಇದಕ್ಕೆ ಮದುವೆ ಗಿದುವೆ ಮಾಡಿಸಿದ್ರೇನಣ್ಣ?"

ಮರಿಯಪ್ಪನಿಗೆ ನಗು ಬರಲಿಲ್ಲ. ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಹೆಂಡತಿ ಅಕ್ಕಯ್ಯಮ್ಮ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು.

"ನೀನಾ?"

"ಹೂಂ, ನಾನೇ," ಎಂದಳು ಅಕ್ಕಯ್ಯಮ್ಮ. "ಮಳೆಗಾಲಕ್ಕೆ ಮುಂಚೆ ತೊಳೆದುಕೊಟ್ಟಾಗ ನಾರಾಯಣಪ್ಪನೋರೇ ಹೇಳಿದ್ರು, ಇದು ಗಾಡಿ ಮೂಗು, ಜೀವ ಎಲ್ಲಾ ಇಲ್ಲೇ ಇರೋದು ಅಂತ. ಕುಂಕುಮ ಗಾಡಿ ದೀಪದ ಮೇಲಿಟ್ರೆ ನಿಮಗೆ ಕಾಣುತ್ತೆ, ಬೈತೀರ. ಅದಕ್ಕೇ ಮೂಗಿನೊಳಗೆ ಇಟ್ಟೆ. ದಿನಾ ನೀವು ಮುಖ ತೊಳೆಯೋಕೆ ಹೋದಾಗ ಇಡ್ತಿದ್ದೆ."

ಮರಿಯಪ್ಪನ ಕೋಪ ಅರ್ಧ ದಾರಿಯಲ್ಲೇ ಕರಗಿತು. ಗಾಡಿಯನ್ನು ಸವತಿ ಎಂದು ಕರೆಯುತ್ತಿದ್ದವಳು ಕದ್ದು ಪೂಜೆ ಮಾಡಿದ್ದಾಳೆ. ಗಂಡಂದಿರಿಗೆ ಇಂಥ ವಿಷಯ ಅರ್ಥವಾಗುವುದೇ ತಡವಾಗಿ, ಅದೂ ತಪ್ಪಾಗಿ.

"ನೋಡಿದ್ಯಾ ನಾರಾಯಣಪ್ಪ, ನಾನು ಕ್ಷೇಮವಾಗಿ ಬರ್ಲಿ ಅಂತ..."

"ಬರ್ಲಿ ಅಂತಲ್ಲ," ಎಂದಳು ಅಕ್ಕಯ್ಯಮ್ಮ. "ಹೋಗ್ದೇ ಇರ್ಲಿ ಅಂತ."

ನಾರಾಯಣಪ್ಪ ತಲೆ ತಗ್ಗಿಸಿ ಸ್ಲೈಡನ್ನು ಪೆಟ್ರೋಲಿನಲ್ಲಿ ಅದ್ದತೊಡಗಿದ. ಬೇರೆಯವರ ಮನೆಯ ಮಾತಿನ ಮಧ್ಯೆ ಸಿಕ್ಕಿಕೊಂಡವನಿಗೆ ಕೆಲಸ ಒಂದು ದೊಡ್ಡ ಆಸರೆ.

"ಪೂಜೆ ಮಾಡಿ ಯಾರಾದ್ರೂ ಹಂಗೆ ಬೇಡ್ಕೊತಾರೇನೆ?"

"ಮಾರಮ್ಮಂಗೆ ಮಾಡಲ್ವಾ? ಮನೆಗೆ ಬಾ ಅಂತ ಮಾಡ್ತೀವಾ? ನಿನ್ನ ಜಾಗದಲ್ಲಿ ತಣ್ಣಗಿರು ತಾಯಿ, ನಮ್ಮ ತಂಟೆಗೆ ಬರಬೇಡ ಅಂತ ತಾನೆ ಮಾಡೋದು. ಇದಕ್ಕೂ ಹಂಗೇ ಕೈ ಮುಗಿದೆ. ಎರಡು ವಾರ ತಣ್ಣಗಿತ್ತು. ನೀವೂ ಮನೇಲಿದ್ರಿ. ಮೂರು ಜನ ಒಟ್ಟಿಗೆ ಕೂತು ಉಂಡ್ವಿ."

"ವ್ಯಾಪಾರ ಬಿಟ್ಟು ಕೂತ್ರೆ ಉಣ್ಣೋದೇನು ಅಂತ ಗೊತ್ತಾ ನಿಂಗೆ?"

"ಗೊತ್ತು. ಅದಕ್ಕೇ ನಿಮಗೆ ಹೇಳ್ಲಿಲ್ಲ. ಗಾಡಿಗೆ ಹೇಳ್ದೆ."

ಮರಿಯಪ್ಪ ಎದ್ದು ಹೋಗಿ ಬಾಗಿಲ ಬಳಿ, ಅವಳ ಪಕ್ಕದಲ್ಲಿ, ಗೋಡೆಗೆ ಒರಗಿ ನಿಂತ. ನಾರಾಯಣಪ್ಪ ತೆಳ್ಳನೆಯ ತಂತಿಯ ಎಳೆಯಿಂದ ಆ ಎರಡು ತೂತುಗಳನ್ನು ಬಿಡಿಸಿ, ಬಾಯಿಟ್ಟು ಊದಿದ. ದಪ್ಪ ಕಾಗದ ಕತ್ತರಿಸಿ, ಎಂಜಿನ್ನಿಗೂ ಕಾರ್ಬ್ಯುರೇಟರಿಗೂ ನಡುವೆ ಗಾಳಿ ನುಸುಳದಂತೆ ಹೊಸ ಪ್ಯಾಕಿಂಗ್ ಇಟ್ಟು ಬೋಲ್ಟು ಬಿಗಿದ. ಆಮೇಲೆ ಚೀಲದಿಂದ ಸಣ್ಣ ತಂತಿ ಜಾಲರಿಯ ತುಂಡೊಂದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬಾಯಿಗೆ ಇದನ್ನ ಹಾಕ್ಲಾ ಅಣ್ಣ? ಇನ್ಮೇಲೆ ಒಳಗೆ ಏನೂ ಹೋಗಲ್ಲ."

ಮರಿಯಪ್ಪ ಹೆಂಡತಿಯ ಮುಖ ನೋಡಿದ.

"ಹಾಕಿ," ಎಂದಳು ಅವಳೇ. "ನಾಳೆ ಹೋಗ್ಲೇಬೇಕಲ್ಲ."

ಜಾಲರಿ ಕೂರಿಸಿ ನಾರಾಯಣಪ್ಪ ಕಿಕ್ಕರ್ ಒದ್ದ. ಮೊದಲು ಒಂದೆರಡು ಸಲ ಕೆಮ್ಮಿದ ಗಾಡಿ ಆಮೇಲೆ ಸರಿಯಾಗಿ ಹತ್ತಿಕೊಂಡಿತು. ಅಂಗಳದ ಕೋಳಿಗಳು ಚದುರಿದವು. ಬಹಳ ದಿನದ ಮೇಲೆ ಆ ಸದ್ದು ಕೇಳಿ ಮರಿಯಪ್ಪನಿಗೆ ಖುಷಿಯಾಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು.

ಸದ್ದು ಕೇಳಿದ್ದೇ ತಡ, ಅಕ್ಕಯ್ಯಮ್ಮನ ಸೊಂಟದ ಮೇಲಿದ್ದ ಮಗು ಪಕ್ಕದಲ್ಲೇ ನಿಂತಿದ್ದ ಮರಿಯಪ್ಪನ ಕಡೆ ತಿರುಗಿ ಪುಟ್ಟ ಕೈ ಬೀಸಿತು.

"ಅಪ್ಪಾ, ಹೋಗ್ಬಾ."

"ನಾನಿಲ್ಲೇ ಇದೀನಲ್ಲಮ್ಮ," ಎಂದು ಮರಿಯಪ್ಪ ಎತ್ತಿಕೊಳ್ಳಲು ಎರಡೂ ಕೈ ಚಾಚಿದ. ಮಗು ಅಮ್ಮನ ಕುತ್ತಿಗೆಯನ್ನು ಒಂದು ಕೈಯಿಂದ ಬಿಗಿಯಾಗಿ ತಬ್ಬಿಕೊಂಡು ಇನ್ನೊಂದನ್ನು ಬೀಸುತ್ತಲೇ ಇತ್ತು.