ಒಂಬತ್ತನೆಯ ತಗಡು

ಆರನೆಯ ಚಾಂಪಿಯನ್ನನ ಹೆಸರು ಕೂಗುವಷ್ಟರಲ್ಲಿ ಸುಬ್ರಾಯ ಮೇಷ್ಟ್ರಿಗೆ ವಾಕರಿಕೆ ಬಂದುಬಿಟ್ಟಿತ್ತು.

ಭಾನುವಾರ ಮಧ್ಯಾಹ್ನ, ಕೊಪ್ಪದ ಮೈದಾನ. ನಡುವೆ ಹಗ್ಗ ಬಿಗಿದ ರಿಂಗು, ಸುತ್ತ ಸಾವಿರಾರು ಜನ. ಸಂಘಟಕಿ ಶಿಲ್ಪಶ್ರೀ ಮೈಕು ಹಿಡಿದು 'ಮಲೆನಾಡ ಮಹಾಮಲ್ಲ' ಪಟ್ಟದ ಚರಿತ್ರೆ ಓದುತ್ತಿದ್ದಳು. ಆರು ವರ್ಷಕ್ಕೆ ಎಂಟು ಮಂದಿ ಮಹಾಮಲ್ಲರು. ಒಬ್ಬೊಬ್ಬರ ಹೆಸರನ್ನೂ ಒಂದೊಂದು ಹಿತ್ತಾಳೆ ತಗಡಿನಲ್ಲಿ ಕೆತ್ತಿ, ಅಗಲವಾದ ಚರ್ಮದ ಸೊಂಟಪಟ್ಟಿಗೆ ಜಡಿದಿದ್ದರು.

ಚರಿತ್ರೆಯಂತೆ ಚರಿತ್ರೆ. ಮೊದಲನೆಯ ಕರಿಬಸವಯ್ಯ ಗೆದ್ದದ್ದು ಎದುರಾಳಿಯ ತಲೆಗೆ ಪ್ಲಾಸ್ಟಿಕ್ ಕುರ್ಚಿ ಬಡಿದು. ಎರಡನೆಯವನು ನರಸಿಂಹರಾಜಪುರದ ಮುಖವಾಡದವನು. ಮುಖವಾಡ ಒಂದೇ, ಒಳಗಿನ ಆಸಾಮಿ ಮಾತ್ರ ತಿಂಗಳಿಗೊಬ್ಬ. ನಾಲ್ಕನೆಯವನ ಪಟ್ಟ ಹೋದದ್ದು ಅವನ ಮದುವೆ ಗೊತ್ತಾಯಿತೆಂದು. ಐದನೆಯವನು ಗೆದ್ದದ್ದು ಶೃಂಗೇರಿಯಲ್ಲಿ ಯಾವುದೋ ಮೊಬೈಲ್ ಅಂಗಡಿಯ ಉದ್ಘಾಟನೆಗೆ ಜನ ಸೇರಲೆಂದು. ಇದನ್ನು ಕುಸ್ತಿ ಎನ್ನುವವರ ಬಾಯಿಗೆ ಸೋಪು ಹಾಕಿ ತೊಳೆಯಬೇಕು ಎಂದು ಮೇಷ್ಟ್ರು ಹಲ್ಲು ಕಡಿದರು.

ಎಂಟನೆಯವನು ದೀಪು. ಮೇಷ್ಟ್ರ ಸಂಕಟವೆಲ್ಲ ಇದ್ದದ್ದೇ ಅಲ್ಲಿ. ಮೇಗುಂದದ ಶಾಲೆಯಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದು, ಬೆಳಗಿನ ಚಳಿಯಲ್ಲಿ ಮಣ್ಣಿಗಿಳಿಸಿ ಪಟ್ಟು ಕಲಿಸಿದವರಲ್ಲಿ ನಿಜವಾದ ಪೈಲ್ವಾನ ಅವನೊಬ್ಬನೇ. ಅವನನ್ನು ಈ ಹೊಲಸಿನಿಂದ ಹೊರಗೆಳೆಯದೆ ಮನೆಗೆ ಹೋಗುವುದಿಲ್ಲವೆಂದೇ ಇವತ್ತು ಬಂದು ಕೂತಿದ್ದರು.

ಹೋದ ವಾರ ಅವನಾಗಿಯೇ ಮನೆಗೆ ಬಂದಿದ್ದ, ವರ್ಷದ ಮೇಲೆ.

"ಈ ಸಲ ನಾನು ಸೋಲೋದು ಸರ್," ಎಂದಿದ್ದ, ಕಾಫಿ ಲೋಟ ಹಿಡಿದು. "ಎಲ್ಲ ತೀರ್ಮಾನ ಆಗಿದೆ. ಗೆಲ್ಲೋರ ಹೆಸರೂ ಕೆತ್ತಿ ಬಂದಿದೆ. ಆಟ ಮುಗಿಯೋ ತನಕ ಅದ್ರ ಮೇಲೆ ಟೇಪ್ ಹಚ್ಚಿರ್ತಾರೆ, ಅಷ್ಟೆ."

"ಯಾರಿಗೆ ಸೋಲ್ತೀಯ?"

"ಒಳ್ಳೆಯವ್ರಿಗೇ ಸರ್."

"ಥೂ. ನಾಚಿಕೆ ಆಗಲ್ವೇನೋ ನಿಂಗೆ?"

"ನೀವು ಮಾತ್ರ ಬರ್ಬೇಡಿ ಸರ್. ಬಂದ್ರೆ ಸಿಟ್ಟು ತಡ್ಕೊಳಕ್ಕೆ ಆಗಲ್ಲ ನಿಮಗೆ. ರಿಂಗ್ ಹತ್ತಿಬಿಡ್ತೀರಿ."

ಮಾರನೆಯ ದಿನ ಶಿಲ್ಪಶ್ರೀಯ ಫೋನು. ಪಾಸು ಕಳಿಸುತ್ತೇವೆ, ಇನಿಶಿಯಲ್ ಎಚ್.ಎನ್. ತಾನೇ ಎಂದು ಕೇಳಿದಳು. ಬಂದರೆ ನಿಮ್ಮ ಬಂಡವಾಳವನ್ನೆಲ್ಲ ಜನರೆದುರೇ ಬಯಲು ಮಾಡುತ್ತೇನೆ ಎಂದು ಮೇಷ್ಟ್ರು ಗದರಿದರು. "ಖಂಡಿತ ಬನ್ನಿ ಸರ್," ಎಂದು ಅವಳು ಮೆತ್ತಗೆ ಫೋನಿಟ್ಟಳು. ಪಾಸು ಬಂತು. ಮೊದಲ ಸಾಲು, ರಿಂಗಿನ ಮೆಟ್ಟಿಲ ಪಕ್ಕದ ಕುರ್ಚಿ.

ಈಗ ದೀಪು ಸೊಂಟಪಟ್ಟಿಯನ್ನು ತಲೆಯ ಮೇಲೆತ್ತಿಕೊಂಡು ರಿಂಗನ್ನು ಒಂದು ಸುತ್ತು ಬಂದ. ಒಂಬತ್ತನೆಯ ತಗಡಿನ ಮೇಲೆ ಹೇಳಿದಂತೆಯೇ ಕೆಂಪು ಟೇಪು. ಎದುರಾಳಿ ಅಡ್ಡಗದ್ದೆಯ ಸಿದ್ಧಾರ್ಥ. ಮೈಗೆಲ್ಲ ಎಣ್ಣೆ, ಕಣ್ಣಿಗೆ ಕಪ್ಪು ಕನ್ನಡಕ. ಗಂಟೆ ಹೊಡೆಯಿತು. ಸಿದ್ಧಾರ್ಥ ಮೊಣಕೈ ಬೀಸಿದ. ಅದು ತಾಗುವ ಮೊದಲೇ ದೀಪು ಹಾರಿ ಬಿದ್ದು, ಹೊಟ್ಟೆ ಹಿಡಿದುಕೊಂಡು ನರಳಿದ. ತಾವು ಕಲಿಸಿದ ಮೈ ಹೀಗೆ ಹೊರಳಾಡುವುದನ್ನು ನೋಡಿ ಮೇಷ್ಟ್ರು ಕುರ್ಚಿಯಿಂದ ಎದ್ದರು.

ಅಲ್ಲಿಗೆ ಸಾಕಾಯಿತು. ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದರು. ಕಾವಲಿಗಿದ್ದ ಇಬ್ಬರು ದಾಂಡಿಗರು ಸರಿದು ದಾರಿ ಬಿಟ್ಟರು. ವಯಸ್ಸಿಗೆ ಅಷ್ಟಾದರೂ ಮರ್ಯಾದೆ ಉಳಿದಿದೆಯಲ್ಲ ಎಂದುಕೊಂಡು ಹಗ್ಗದೊಳಗೆ ನುಸುಳಿದರು. ಬೇಡ ಸರ್, ಬೇಡ ಎನ್ನುತ್ತ ಅಡ್ಡ ಬಂದ ಶಿಲ್ಪಶ್ರೀಯ ಕೈಯಿಂದ ಮೈಕು ಕಿತ್ತುಕೊಂಡರು. ಸಲೀಸಾಗಿ ಬಂತು.

"ಎಲ್ಲ ಸುಳ್ಳು ಇದು. ಆ ಟೇಪಿನ ಅಡಿಗೆ ಗೆಲ್ಲೋನ ಹೆಸರು ಆಗ್ಲೇ ಕೆತ್ತಿದೆ. ನಿಮ್ಮನ್ನೆಲ್ಲ ಮಂಗ ಮಾಡ್ತಿದಾರೆ ಮಾರಾಯ್ರೇ. ದೀಪು, ಇಳಿಯೋ ಕೆಳಗೆ."

ಜನ ಹೋ ಎಂದರು. ದೀಪು ಎದ್ದು ಬಂದು ಎದೆ ಸೆಟೆಸಿ ನಿಂತ.

"ಇಳಿಸಿ ನೋಡಿ ಸರ್."

ಬಲಗಾಲು ಮುಂದೆ ಇಟ್ಟು ನಿಂತಿದ್ದ. ಹಾಗೆ ನಿಲ್ಲಬೇಡವೆಂದು ಬೈದು ಬೈದು ಬಿಡಿಸಿದ್ದ ತಪ್ಪು ಅದು. ಈ ಕಸದ ಸಹವಾಸದಲ್ಲಿ ಕಲಿತದ್ದನ್ನೂ ಮರೆತನಲ್ಲ ಎಂದು ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ತೋಳು ಹಿಡಿದರು, ಸೊಂಟ ಕೊಟ್ಟರು, ಎಳೆದರು. ತೊಂಬತ್ತು ಕೆ.ಜಿ.ಯ ಆಳು ಅರವತ್ತೆರಡು ವಯಸ್ಸಿನ ಬೆನ್ನ ಮೇಲಿಂದ ಹಗುರವಾಗಿ ಹಾದು ಅಂಗಾತ ಬಿದ್ದ. ಎದೆಗೆ ಮೊಣಕಾಲು ಊರಿದರು. ರೆಫರಿ ಗೆಲುವಿನ ಎಣಿಕೆಗೆ ನೆಲಕ್ಕೆ ಮೂರು ಸಲ ಬಡಿದ.

ಇಡೀ ಮೈದಾನ ಎದ್ದು ನಿಂತು ಮೇಷ್ಟ್ರೇ, ಮೇಷ್ಟ್ರೇ ಎಂದು ಕೂಗಿತು. ಕಾಲೇಜಿನ ದಿನಗಳಲ್ಲಿ ನಾಲ್ಕು ಸಲ ಎರಡನೆಯ ಬಹುಮಾನ ತಂದ ಮನುಷ್ಯ ಅವರು. ಮೊದಲನೆಯದು ಈ ಜನ್ಮಕ್ಕಿಲ್ಲ ಎಂದು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಎರಡೂ ಕೈ ಎತ್ತಿ ಜನರತ್ತ ತಿರುಗಿದರು. ಈ ಹೊಲಸು ಚರಿತ್ರೆಯಲ್ಲಿ ನಿಜವಾದ ಪಟ್ಟು ಬಿದ್ದದ್ದು ಇದೊಂದೇ. ಸೋಲು ಗೆಲುವನ್ನು ಮೊದಲೇ ಕೂತು ಬರೆದವರ ಲೆಕ್ಕವೆಲ್ಲ ಒಂದು ಎಳೆತಕ್ಕೆ ತಲೆಕೆಳಗಾಯಿತು.

ರೆಫರಿ ಪಟ್ಟಿ ತಂದು ಅವರ ಕೈಗಿಟ್ಟ. ಮೇಷ್ಟ್ರು ಮತ್ತೆ ಮೈಕು ಎತ್ತಿಕೊಂಡರು.

"ಗೆದ್ದಿದ್ದು ಯಾರು ಅಂತ ನೋಡಿದ್ರಿ. ಇವ್ರು ಕೆತ್ತಿಟ್ಟಿದ್ದು ಯಾರ ಹೆಸರು ಅಂತ ಈಗ ನಿಮ್ಮೆದ್ರೇ ಓದ್ತೀನಿ. ಆಮೇಲೆ ನೀವೇ ಹೇಳಿ, ಇದು ಸುಳ್ಳೋ ಅಲ್ವೋ."

ಗದ್ದಲ ನಿಂತಿತು. ನೆಲದ ಮೇಲಿದ್ದ ದೀಪು ಕಣ್ಣು ಮುಚ್ಚಿಕೊಂಡ. ಸಿದ್ಧಾರ್ಥನ ಹೆಸರನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡೇ ಮೇಷ್ಟ್ರು ಉಗುರು ಹಾಕಿ ಟೇಪು ಕಿತ್ತರು.

'ಎಚ್.ಎನ್. ಸುಬ್ರಾಯ, ಕೊಪ್ಪ.'